ಬರಿಗಾಲಲ್ಲಿ ಓದಿದ ಸತ್ಯವೇದ

ಪಿರಿಯಾಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿ ಯಾರೋ ಹೆಂಗಸು ಹಿಂದಿನಿಂದ ಕೂಗಿದಳು. "ಅಕ್ಕಾ, ನಿಮ್ಮ ಚಪ್ಲಿ ಅಲ್ಲೇ ಬುಟ್ಟು ಬಂದ್ರಲ್ಲ!"

ತಿರುಗಿ ನೋಡಿದೆ. ನನ್ನ ಎಡಗಾಲಿನ ಚಪ್ಪಲಿ ಹಣ್ಣಿನ ಗಾಡಿಯ ಹತ್ತಿರ ಬಿದ್ದಿತ್ತು. ಅಲ್ಲಿಂದ ರಾವಂದೂರು ಬಸ್ಸಿನ ಬಾಗಿಲವರೆಗೂ ನಾನು ಒಂದು ಬರಿಗಾಲಲ್ಲಿ ನಡೆದು ಬಂದಿದ್ದೆ. ಮಧ್ಯಾಹ್ನದ ಬಿಸಿಲು, ಡಾಂಬರು ಕಾದಿತ್ತು. ನನಗೆ ಗೊತ್ತೇ ಆಗಿರಲಿಲ್ಲ.

ಸಕ್ಕರೆ ಕಾಯಿಲೆ ಬಂದು ಎಷ್ಟೋ ವರ್ಷವಾಗಿತ್ತು. ಮಾತ್ರೆ ನುಂಗುತ್ತಿದ್ದೆ, ಮರೆಯುತ್ತಿದ್ದೆ, ಮತ್ತೆ ನುಂಗುತ್ತಿದ್ದೆ. ಹುಣಸೂರಿನ ಡಾಕ್ಟರು ನನ್ನ ಪಾದಕ್ಕೆ ದಾರದಂಥ ಒಂದು ಪ್ಲಾಸ್ಟಿಕ್ ಎಳೆ ಒತ್ತುತ್ತಾ, ಕಣ್ಣು ಮುಚ್ಚಿಕೊಂಡು ಹೇಳಿ, ಎಲ್ಲಿ ಮುಟ್ಟಿದೆ ಅಂದರು. ನಾನು ಕಾಯುತ್ತಾ ಕೂತೆ. ಇನ್ನೂ ಶುರು ಮಾಡಲಿಲ್ಲವೇ ಡಾಕ್ಟ್ರೇ ಎಂದು ಕೇಳಿದೆ.

"ಆಗ್ಲೇ ಮುಗೀತಮ್ಮ," ಅಂದರು.

ನರ ಸತ್ತಿದೆಯಂತೆ. ನ್ಯೂರೋಪತಿ. ಇನ್ನು ಮೇಲೆ ಮನೆಯ ಒಳಗೂ ಚಪ್ಪಲಿ ಹಾಕಿಕೊಂಡೇ ಇರಬೇಕು, ಒಂದು ಹೆಜ್ಜೆಯನ್ನೂ ಬರಿಗಾಲಲ್ಲಿ ಇಡಬಾರದು, ದಿನಾ ಅಂಗಾಲು ನೋಡಿಕೊಳ್ಳಬೇಕು ಅಂದರು. ಮೆತ್ತನೆಯ ಕರೀ ಎಂ.ಸಿ.ಆರ್. ಚಪ್ಪಲಿ ಬರೆದುಕೊಟ್ಟರು. ಕುಷ್ಠದವರಿಗೂ ಅದನ್ನೇ ಕೊಡುವುದರಿಂದ, ಆ ಚಪ್ಪಲಿ ನೋಡಿದವರೆಲ್ಲ ಕುಷ್ಠವೇನೋ ಅನ್ನುವಂತೆ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಸರಿಯಲಿ ಬಿಡಿ, ಅವರ ಹಣೆಬರಹ.

ಅದೇ ಹೆದರಿಕೆಯಲ್ಲಿ ನಾನು ಸತ್ಯವೇದ, ನಮ್ಮ ಬೈಬಲ್, ಹಿಡಿದೆ. ಅದುವರೆಗೂ ನನ್ನ ಓದು ಎಂದರೆ ಕಷ್ಟ ಬಂದಾಗ ಕಣ್ಣು ಮುಚ್ಚಿ ಪುಸ್ತಕ ತೆರೆದು, ಬೆರಳು ಬಿದ್ದ ಕಡೆ ಇದ್ದ ವಾಕ್ಯವನ್ನು ದೇವರ ಮಾತು ಎಂದುಕೊಳ್ಳುವುದು. ನಮ್ಮ ಸಭೆಯ ಪಾಸ್ಟರು ಅದನ್ನು ಕೇಳಿ ನಕ್ಕರು.

"ಮೆಡಿಕಲ್ ಶಾಪಲ್ಲಿ ಕಣ್ಮುಚ್ಕೊಂಡು ಮಾತ್ರೆ ಎತ್ಕೊತೀರೇನಮ್ಮ? ಒಂದು ಸುವಾರ್ತೆ ಮೊದಲಿಂದ ಹಿಡೀರಿ. ಒಂದೇ ಹೊತ್ತು, ಒಂದೇ ಜಾಗ. ಸ್ವಲ್ಪವೇ ಓದಿ, ಅದನ್ನೇ ತಿರುಗಿಸಿ ಓದಿ. ಓದಿದ್ರಲ್ಲಿ ಒಂದನ್ನ ಆವತ್ತೇ ಮಾಡಿ. ಮಾಡ್ದೇ ಇದ್ರೆ ಓದಿದ್ದು ದಂಡ."

ಹೊತ್ತು ಸಿಗುವುದು ಹೇಗೆ? ನಮ್ಮದು ಹೊಗೆಸೊಪ್ಪಿನ ಮನೆ. ಸೊಪ್ಪು ಬೇಯಿಸುವ ಕಾಲ ಬಂತೆಂದರೆ ಅಂಗಳದ ತುಂಬ ಸೊಪ್ಪು ಕಟ್ಟುವ ಹೆಂಗಸರು, ಅವರ ಮಾತು, ಅವರ ಕಾಫಿ. ಸೊಪ್ಪು ತೂಗುಹಾಕಿ ಕಾಯಿಸಿ ಒಣಗಿಸುವ ಗೂಡು, ಬ್ಯಾರನ್ನು, ಅದರ ಒಲೆ ಆರುವಂತಿಲ್ಲ. ರಾತ್ರಿಯೆಲ್ಲ ನಮ್ಮ ಯಜಮಾನರು ಕಾಯುತ್ತಿದ್ದರು, ಬೆಳಕು ಹರಿಯುವಾಗ ನಾನು ಹೋಗಿ ಅವರನ್ನು ಮಲಗಲು ಕಳಿಸುತ್ತಿದ್ದೆ. ಊರು ಏಳುವ ಮುಂಚೆ ಆ ಒಲೆಯ ಮುಂದೆ ಮಾತ್ರ ನನಗೆ ಅಂತ ಒಂದಿಷ್ಟು ಹೊತ್ತು. ಸೌದೆ ತಳ್ಳಿ, ಸ್ಟೂಲ್ ಎಳೆದುಕೊಂಡು, ಸತ್ಯವೇದ ತೊಡೆಯ ಮೇಲಿಟ್ಟು ಓದಲು ಕೂತೆ.

ಮೊದಲ ದಿನವೇ ನಮ್ಮತ್ತೆ ನೋಡಿದರು. ಅತ್ತೆಗೆ ಓದು ಬಾರದು, ಆದರೆ ಪ್ರಾರ್ಥನೆ ಬಿಟ್ಟವರಲ್ಲ.

"ಲೇ ಗ್ರೇಸಿ, ದೇವ್ರ್ ವಾಕ್ಯದ್ ಮುಂದೆ ಕೆರ ಮೆಟ್ಕೊಂಡು ಕೂತಿದ್ದೀಯಲ್ಲ, ನಾಚ್ಕೆ ಆಗಾಕಿಲ್ವಾ? ಬುಡು ಅದ್ನ ಆಚೆ."

"ಡಾಕ್ಟ್ರು ಹೇಳವ್ರೆ ಅತ್ತೆ."

"ಡಾಕ್ಟ್ರು ದೊಡ್ಡೋನಾ, ದೇವ್ರು ದೊಡ್ಡೋನಾ?"

ನಮ್ಮ ಕಡೆ ದೇವರ ಮನೆಯಾಗಲಿ ಸಭೆಯಾಗಲಿ, ಚಪ್ಪಲಿ ಹೊಸ್ತಿಲಾಚೆಯೇ. ಸತ್ಯವೇದದಲ್ಲಿ, ಉರಿಯುವ ಪೊದೆಯ ಮುಂದೆ ಕೆರ ಬಿಚ್ಚು ಎಂದು ದೇವರೇ ಹೇಳಿದ ಭಾಗ ನನಗೂ ಗೊತ್ತಿತ್ತು. ಬಿಚ್ಚಿದೆ. ಓದುವ ಹೊತ್ತು ಮಾತ್ರ ತಾನೇ ಎಂದುಕೊಂಡೆ.

ಓದು ಚೆನ್ನಾಗಿಯೇ ಹಿಡಿಯಿತು. ಸುಳ್ಳು ಹೇಳಲಾರೆ, ಅಂಥ ಸಮಾಧಾನ ನನಗೆ ಹಿಂದೆ ಸಿಕ್ಕಿರಲಿಲ್ಲ. ಓದಿದ್ದರಲ್ಲಿ ಒಂದನ್ನು ಅವತ್ತೇ ಮಾಡುತ್ತಿದ್ದೆ. ಮುಖ ನೋಡದ ಓರಗಿತ್ತಿಯ ಮನೆಗೆ ನಾನಾಗಿಯೇ ಹೋಗಿ ಕಾಫಿ ಕುಡಿದೆ. ಸೊಪ್ಪು ಕಟ್ಟುವ ಕಡೆ ಚಾಡಿ ಶುರುವಾದರೆ ಎದ್ದು ಬರುತ್ತಿದ್ದೆ. ಭಾನುವಾರ ಪಾಸ್ಟರು ನನ್ನ ಹೆಸರು ಹಿಡಿದು ಎಲ್ಲರೆದುರು ಹೇಳಿದರು, ವಿಧೇಯತೆ ಅಂದರೆ ಹೀಗಿರಬೇಕು ಅಂತ. ನನಗೂ ಜಂಬ ಬಂತು. ಬರದೇ ಇರುತ್ತದೆಯೇ?

ಆಮೇಲೆ ಆ ಬೆಳಗಿನ ಜಾವ. ಸೌದೆ ತಳ್ಳುವಾಗ ಒಲೆಯ ಬಾಯಿಂದ ಒಂದು ಕೆಂಡ ಉರುಳಿರಬೇಕು. ನಾನು ನೋಡಲಿಲ್ಲ. ಕಾಲು ನೆಲಕ್ಕೂರಿ ಓದುತ್ತಾ ಕೂತೆ. ಏನೋ ಸುಟ್ಟ ವಾಸನೆ ಬಂತು. ಬ್ಯಾರನ್ನಿನ ಮುಂದೆ ನೂರೆಂಟು ವಾಸನೆ, ಯಾವುದು ಅಂತ ಮೂಸುವುದು? ಅಧ್ಯಾಯ ಮುಗಿಸಿದೆ, ಪ್ರಾರ್ಥನೆ ಮಾಡಿದೆ, ಎದ್ದು ಒಳಗೆ ಹೋದೆ. ಮಲಗಿದ್ದ ಯಜಮಾನರು ಎದ್ದು ಬಂದವರು ನೆಲ ನೋಡುತ್ತಾ ನಿಂತುಬಿಟ್ಟರು.

"ಇದೇನೇ ಗ್ರೇಸಿ, ನೆಲದ್ ಮೇಲೆಲ್ಲ ವದ್ದೆ?"

ನನ್ನ ಹೆಜ್ಜೆ ಗುರುತು. ಎಡಗಾಲಿನ ಹೆಜ್ಜೆ ಮಾತ್ರ. ಕೆಂಡದ ಮೇಲೆ ಊರಿದ್ದ ಪಾದ ಸುಟ್ಟು ನೀರು ಸೋರುತ್ತಿತ್ತು.

ನನ್ನ ತೊಡೆಯ ಮೇಲೆ ದೇವರ ವಾಕ್ಯವಿತ್ತು, ಕೆಳಗೆ ನನ್ನ ಕಾಲು ಬೇಯುತ್ತಿತ್ತು, ಅವನು ಒಂದೇ ಒಂದು ಮಾತು ಆಡಲಿಲ್ಲ.

ನೋವಿಲ್ಲವಲ್ಲ ಎಂದು ಮುಲಾಮು ಹಚ್ಚಿ ಬಟ್ಟೆ ಸುತ್ತಿದೆವು. ಕೆಲವೇ ದಿನದಲ್ಲಿ ಜ್ವರ ಬಂತು, ಬೆರಳು ಕಪ್ಪಾದವು. ಹುಣಸೂರಿನವರು ನೋಡಿದ ತಕ್ಷಣ ಮೈಸೂರಿಗೆ ಓಡಿ ಅಂದರು. ಮೈಸೂರಿನ ಸರ್ಜನ್ ಮಾತು ಉದ್ದ ಮಾಡುವವರಲ್ಲ. ಹೆಬ್ಬೆರಳು, ಅದರ ಪಕ್ಕದ ಎರಡು ತೆಗೆಯಬೇಕು. ಇನ್ಫೆಕ್ಷನ್ ಅಲ್ಲಿಗೇ ನಿಂತರೆ ಕಾಲು ಉಳಿಯುತ್ತದೆ, ಮೇಲೆ ಹತ್ತಿದರೆ ಮೊಣಕಾಲ ಕೆಳಗೆ ಕತ್ತರಿಸಬೇಕು ಅಂದರು.

"ಗಾಯ ಆರೋವರೆಗೂ ಏನೂ ಹೇಳಕ್ಕಾಗಲ್ಲ. ಆರಿದ ಮೇಲೂ ಹುಷಾರಾಗಿರ್ಬೇಕು, ಇನ್ನೊಂದು ಗಾಯ ಆದ್ರೆ ಕಾಲು ಗ್ಯಾರಂಟಿ ಇಲ್ಲ."

ಬೆರಳು ಹೋದವು.

ವಾರ್ಡಿಗೆ ಸಭೆಯವರು ಬಂದರು. ಬ್ರೆಡ್ಡು, ಮೂಸಂಬಿ, ಪ್ರಾರ್ಥನೆ. ಒಬ್ಬಾಕೆ ನನ್ನ ಕಿವಿಯ ಹತ್ತಿರ ಬಗ್ಗಿ, "ಎಲ್ಲೋ ನಂಬ್ಕೆ ಕಮ್ಮಿ ಆಗೈತೆ ಕಣಕ್ಕ, ಪರೀಕ್ಷೆ ಮಾಡ್ಕೊಳಿ" ಅಂದಳು. ಮೂಸಂಬಿ ವಾಪಸ್ ತಗೊಂಡೋಗು ತಾಯಿ ಅಂದೆ. ಅವಳು ನಕ್ಕಳು, ತಮಾಷೆ ಅಂದುಕೊಂಡಳು. ನಾನು ತಮಾಷೆ ಮಾಡಿರಲಿಲ್ಲ.

ಮನೆಗೆ ಬಂದ ಮೇಲೆ ಸತ್ಯವೇದ ಮುಟ್ಟಲಿಲ್ಲ. ಪಾಸ್ಟರು ನೋಡಲು ಬಂದಾಗ ಅವರ ಮೇಲೆ ಹರಿಹಾಯ್ದೆ.

"ವಿಧೇಯತೆ ವಿಧೇಯತೆ ಅಂತ ಬಡ್ಕೊಂಡ್ರಲ್ಲ ಪಾಸ್ಟರೇ. ವಾಕ್ಯ ಓದ್ತಾ ಇರೋವಾಗ್ಲೇ ನನ್ ಕಾಲು ಸುಟ್ಟಿದ್ದು. ಅವನಿಗೆ ಕಣ್ಣಿರಲಿಲ್ವಾ?"

ಅವರು ಕಾಫಿ ಲೋಟ ಕೆಳಗಿಟ್ಟರು. ಬುದ್ಧಿ ಹೇಳುತ್ತಾರೆಂದು ನಾನೂ ತಯಾರಾಗಿದ್ದೆ.

"ನನಗೆ ಗೊತ್ತಿಲ್ಲ ಕಣಮ್ಮ," ಅಂದರು. "ನಿಮ್ಮನ್ನ ಸಭೇಲಿ ಹೊಗಳಿದ್ನಲ್ಲ, ಡಾಕ್ಟ್ರು ಹೇಳಿದ್ದನ್ನ ಕೇಳ್ತಿದ್ದೀರಾ ಅಂತ ಒಂದಿನಾನೂ ಕೇಳಲಿಲ್ಲ ನಾನು. ಸಿಟ್ಟಿದ್ರೆ ಸಿಟ್ಟಲ್ಲೇ ಓದಿ. ಸಿಟ್ಟಾದೋರು ಬರೆದ ಕೀರ್ತನೆಗಳೂ ಸತ್ಯವೇದದಲ್ಲೇ ಅವೆ."

ಸಿಟ್ಟಿನಲ್ಲೇ ಓದಿದೆ. ಎಷ್ಟು ಹೊತ್ತು ಮುಖ ಮರೆಸಿಕೊಳ್ಳುತ್ತೀಯ, ನಿದ್ದೆ ಮಾಡುತ್ತಿದ್ದೀಯಾ ಎಂದು ದೇವರನ್ನೇ ದಬಾಯಿಸಿದವರು ಅಲ್ಲಿದ್ದರು. ಇಷ್ಟೊಂದು ದೂರು ಈ ಪುಸ್ತಕದಲ್ಲಿದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ದಿನಾ ಅದೇ ಹೊತ್ತಿಗೆ, ಈಗ ಮಂಚದ ಮೇಲೆ, ಅವನ ಜೊತೆ ಜಗಳಕ್ಕೆ ಕೂತಂತೆ ಕೂರುತ್ತಿದ್ದೆ.

ಅಂಗಾಲು ನೋಡಿಕೊಳ್ಳುವುದು ಮಾತ್ರ ನನ್ನಿಂದ ಆಗುತ್ತಿರಲಿಲ್ಲ. ಬಗ್ಗಿದರೆ ಹೊಟ್ಟೆ ಅಡ್ಡ, ಕನ್ನಡಿ ಹಿಡಿದರೆ ಉಳಿದ ಎರಡು ಬೆರಳು ನೋಡಿ ಅಳು. ಒಂದು ಬೆಳಿಗ್ಗೆ ಅತ್ತೆ ಬಂದು ನನ್ನ ಕಾಲ ಬುಡದಲ್ಲಿ ಕೂತರು.

"ನೀನು ಓದವ್ವ. ನಾನು ಕಾಲು ನೋಡ್ತೀನಿ."

"ನಿಮಗೆ ಕಣ್ಣೆಲ್ಲಿ ಕಾಣ್ತದೆ ಅತ್ತೆ? ಪೊರೆ ಬಂದೈತಲ್ಲ."

"ಕೈಗೆ ಪೊರೆ ಬಂದಿಲ್ವಲ್ಲ." ಪಾದವನ್ನು ಮಡಿಲಿಗೆ ಎಳೆದುಕೊಂಡರು. ಬೆರಳಿಲ್ಲದ ಜಾಗವನ್ನು ಸವರಿದರು. "ನನ್ ಬಾಯಿಂದ ಆಯ್ತಲ್ಲವ್ವ ಇದು."

ಇಲ್ಲ ಅತ್ತೆ ಎನ್ನಬೇಕಿತ್ತು. ಅನ್ನಲಿಲ್ಲ. ಆಕೆಯ ಬಾಯಿಂದಲೂ ಆಗಿತ್ತು, ಡಾಕ್ಟರ ಮಾತು ಮರೆಸಿದ ನನ್ನ ಜಂಬದಿಂದಲೂ ಆಗಿತ್ತು. ಆದರೆ ಕಾಲನ್ನು ಹಿಂದಕ್ಕೂ ಎಳೆದುಕೊಳ್ಳಲಿಲ್ಲ. ಅಂದಿನಿಂದ ನಾನು ಗಟ್ಟಿಯಾಗಿ ಓದುವುದು, ಆಕೆ ಎಲ್ಲಾದರೂ ಬಿಸಿ ಇದೆಯೇ ಎಂದು ಅಂಗೈ ತಿರುಗಿಸಿ ಕೈಯ ಹಿಂಬದಿಯಿಂದ ಪಾದವಿಡೀ ಸವರುವುದು ನಡೆಯಿತು.

ಹೋದ ತಿಂಗಳು, ಒಂದು ಭಾನುವಾರ. ರೊಟ್ಟಿ, ದ್ರಾಕ್ಷಾರಸ ಹಂಚುವ ಪವಿತ್ರ ಸಂಸ್ಕಾರದ ಆರಾಧನೆ ಇತ್ತು. ಆಪರೇಷನ್ ಆದ ಮೇಲೆ ನಾನು ಸಭೆಗೆ ಹೋಗುತ್ತಿದ್ದದ್ದು ಅದೇ ಮೊದಲು. ರೇಷ್ಮೆ ಸೀರೆ ಉಟ್ಟು ಓದಲು ಕೂತಿದ್ದೆ. ಅತ್ತೆಯ ಕೈ ಒಂದು ಕಡೆ ನಿಂತಿತು. ಮತ್ತೆ ಅಲ್ಲಿಗೇ ಬಂತು.

"ಇಲ್ಲಿ ಬಿಸಿ ಐತೆ ಕಣೆ."

"ಜಡ್ಡು ಕಟ್ಟಿರೋ ಜಾಗ ಅದು. ನಾಳೆ ನೋಡಿದ್ರಾಯ್ತು ಅತ್ತೆ, ಟೈಮಾಯ್ತು."

"ನಾಳೆ ಗೀಳೆ ಇಲ್ಲ. ಎದ್ದೇಳು."

ಹೊರಗೆ ಆಟೊ ನಿಂತಿತ್ತು. ಸಭೆಯಲ್ಲಿ ಎಲ್ಲರೂ ಕಾಯುತ್ತಿದ್ದರು, ಅತ್ತೆಯೂ ಬಿಳಿ ಸೀರೆ ಉಟ್ಟು ತಯಾರಾಗಿದ್ದರು. ಅಧ್ಯಾಯ ಅರ್ಧಕ್ಕೆ ನಿಂತಿತ್ತು. ನನಗೆ ಅಳು ಬಂತು, ಸಿಟ್ಟೂ ಬಂತು. ಪುಸ್ತಕ ಮುಚ್ಚಿದೆ. ಆಟೊದವನಿಗೆ ಹುಣಸೂರಿಗೆ ನಡಿಯಪ್ಪ ಅಂದೆ.

ಡಾಕ್ಟರು ಜಡ್ಡು ಕೊರೆದರು. ಅಡಿಯಲ್ಲಿ ಕೀವು ತುಂಬಿತ್ತು, ಮೂಳೆಗೆ ಇನ್ನೂ ಇಳಿದಿರಲಿಲ್ಲ. "ಕಾಲು ಉಳೀತು. ಯಾರಮ್ಮ ಕಂಡುಹಿಡಿದಿದ್ದು?" ಅಂದರು. ನಾನು ಬಾಗಿಲ ಕಡೆ ತೋರಿಸಿದೆ. ಅತ್ತೆ ಅಲ್ಲಿ ಗೋಡೆಗೆ ಒರಗಿ, ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸುತ್ತಾ ಕೂತಿದ್ದರು.

ಡ್ರೆಸ್ಸಿಂಗ್ ಮುಗಿಯುವವರೆಗೆ ನಾನೂ ಪಕ್ಕದಲ್ಲಿದ್ದವರಿಗೆ ಕೇಳದಂತೆ ಪ್ರಾರ್ಥನೆ ಮಾಡಿದೆ. ಕಾಲು ಉಳಿಯಿತು, ಸ್ತೋತ್ರ. ಬೆರಳುಗಳ ವಿಷಯ ನಿನ್ನ ಹತ್ತಿರ ಮಾತಾಡುವುದು ಇನ್ನೂ ಇದೆ.