ಮೂರು ಸಾವಿರದ ಇನ್ನೂರರ ಹಸಿರು ಗೆರೆ

ಮಾತಿನ ಅಲೆಯನ್ನು ಪರದೆಯ ಮೇಲೆ ತೋರಿಸುವ ನನ್ನ ಹಳೆಯ ಮಾನಿಟರ್ ಸ್ಕೋಪಿಗೆ ಬಿದ್ದದ್ದು ಮೂರು ಸಾವಿರದ ಇನ್ನೂರು ರೂಪಾಯಿ. ಯಲ್ಲಾಪುರದ ಲಾರಿ ಮಾಲೀಕರೊಬ್ಬರು ಐದು ಸಾವಿರ ಹೇಳಿದ್ದರು. ಅವರ ತಂದೆ ಮನೆಯಿಂದಲೇ ಟ್ರಾನ್ಸ್‌ಮಿಟರಿನಲ್ಲಿ ಮಾತಾಡುವ ಹ್ಯಾಮ್ ರೇಡಿಯೋ ಹವ್ಯಾಸಿ. ತಂದೆ ತೀರಿಕೊಂಡ ಮೇಲೆ ಈ ಪೆಟ್ಟಿಗೆ ಕಪಾಟಿನ ಮೇಲೆ ಕೂತಿತ್ತು. ಅದನ್ನು ಅರ್ಧ ತಾಸು ಹಚ್ಚಿಟ್ಟು, ಚಹಾ ಕುಡಿಯುತ್ತ ಸುಮ್ಮನೆ ನೋಡಿದೆ.

“ಬರೀ ನೋಡ್ತೀರಿ, ರೇಟ್ ಹೇಳೋದೇ ಇಲ್ವಲ್ರೀ!” ಎಂದರು ಮಾಲೀಕರು.

“ಗೆರೆ ಮಂಕಾಗಿದೆ, ಒಂದು ಗುಂಡಿ ಮುರಿದಿದೆ. ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕಲ್ಲಿ ಇದಕ್ಕೆ ಗಿರಾಕಿ ನಾನೊಬ್ನೇ, ಅಲ್ವಾ?”

ಅವರು ನಕ್ಕುಬಿಟ್ಟರು. “ಒಯ್ಯಿರಿ ಮಾರಾಯ್ರೆ. ಅಬ್ಬಾನ ಚೀಜು, ಧೂಳು ತಿನ್ನೋದಕ್ಕಿಂತ ನಡೀಲಿ.”

ಇಷ್ಟು ದುಡ್ಡು ಬಿಚ್ಚಿದ್ದಕ್ಕೆ ಕಾರಣವಿತ್ತು. ಪ್ರತಿ ಭಾನುವಾರ ಬೆಳಿಗ್ಗೆ ಮೂರು ತಾಲೂಕಿನ ಹ್ಯಾಮ್‌ಗಳು ರೇಡಿಯೋದಲ್ಲಿ ಸೇರುತ್ತೇವೆ. ಮಳೆಗೆ ಮೊಬೈಲ್ ಟವರ್ ಸತ್ತಾಗ ಸುದ್ದಿ ದಾಟಿಸುವುದಕ್ಕೆ ಅದು ತಾಲೀಮು. ಶಿರಸಿಯಿಂದ ಸಂದೇಶ ದಾಟಿಸುವ ಜಾಗ ನನ್ನದು. ತಾಲೀಮು ನಡೆಸುವ ಸಿದ್ದಾಪುರದ ನಿವೃತ್ತ ಮಾಸ್ತರರು ಎಲ್ಲರೂ ಕೇಳುವಂತೆ ಹೇಳಿದ್ದರು: “ಭಾವಾ, ನಿನ್ನ ಮಾತು ಹರಕ್ ಹೋಗ್ತಾ ಇದ್ದು. ಬಪ್ಪ ಭಾನುವಾರವೂ ಹಿಂಗೇ ಆದ್ರೆ ಶಿರಸಿ ಜಾಗ ಬೇರೆಯವಂಗೆ ಕೊಡ್ತೆ.”

ಪಂಪ್‌ಸೆಟ್ ಮೋಟಾರಿಗೆ ತಂತಿ ಸುತ್ತಿ ಮೇಲೆ ಬಂದವ ನಾನು. ನನ್ನ ಕೈಕೆಲಸಕ್ಕೆ ಹೀಗೆ ಅನ್ನಿಸಿಕೊಂಡವನಲ್ಲ.

ಟ್ರಾನ್ಸ್‌ಮಿಟರಿನಿಂದ ಆಂಟೆನಾಗೆ ಹೋಗುವ ಕೇಬಲ್ಲನ್ನು ಈ ಪೆಟ್ಟಿಗೆಯ ಮೂಲಕ ಹಾಯಿಸಬೇಕು. ಮಾತಾಡಿದಾಗೆಲ್ಲ ಪರದೆಯ ಹಸಿರು ಗೆರೆ ಉಬ್ಬುತ್ತದೆ. ಉಬ್ಬಿನ ತುದಿ ಚೂಪಾಗಿದ್ದರೆ ಸರಿ. ಅಟ್ಟಕ್ಕೆ ತಲೆ ತಾಗಿದಂತೆ ಚಪ್ಪಟೆಯಾದರೆ ಮಾಡ್ಯುಲೇಶನ್, ಅಂದರೆ ಅಲೆಯ ಮೇಲೆ ಹೇರಿದ ಧ್ವನಿ, ಅತಿಯಾಗಿದೆ, ಮಾತು ಹರಕಾಗುತ್ತಿದೆ ಎಂದರ್ಥ. ಶನಿವಾರ “ಹಲೋ, ಒಂದು, ಎರಡು” ಎನ್ನುತ್ತ ಮೈಕಿನ ಧ್ವನಿಯ ಗುಂಡಿ ಇಳಿಸಿದೆ. ತುದಿಗಳೆಲ್ಲ ಚೂಪು. ಗೆದ್ದೆ ಅಂದುಕೊಂಡೆ.

ಭಾನುವಾರ ಸಿದ್ದಾಪುರದ ಧ್ವನಿ ತೀರಾ ಸಣ್ಣಗೆ ಬರುತ್ತಿತ್ತು. ಉತ್ತರ ಕೊಡುತ್ತ ಪರದೆ ನೋಡಿದರೆ ತುದಿಗಳೆಲ್ಲ ಚಪ್ಪಟೆ! ಗುಂಡಿ ಮಾತ್ರ ಇಟ್ಟಲ್ಲೇ ಇತ್ತು. ಮೂರು ಸಾವಿರ ನೀರಿಗೆ ಹೋಯಿತು ಎಂದುಕೊಳ್ಳುವಷ್ಟರಲ್ಲಿ ಹೆಂಡತಿ ಬಾಗಿಲಿಗೆ ಬಂದಳು.

“ಎಂತಕ್ಕೆ ಹಾಂಗೆ ಕೂಗ್ತ್ರಿ? ಸಿದ್ದಾಪುರದವಕ್ಕೆ ರೇಡಿಯೋ ಇಲ್ದೆಯೂ ಕೇಳ್ತು!”

ಆಗ ಹೊಳೆಯಿತು. ಕಣಿವೆಯ ಆಚೆಮನೆಗೆ ‘ಕೂ’ ಹಾಕಿ ಸುದ್ದಿ ಮುಟ್ಟಿಸುತ್ತ ಬೆಳೆದವರು ನಾವು. ಆಚೆಯ ಕೂ ಸಣ್ಣಗೆ ಕೇಳಿದರೆ ನಮ್ಮದನ್ನು ಏರಿಸುವುದು ರೂಢಿ. ಮೈಕಿನ ಮುಂದೆಯೂ ಅದನ್ನೇ ಮಾಡುತ್ತಿದ್ದೆ. ಶನಿವಾರ ಆಚೆ ಯಾರೂ ಇರಲಿಲ್ಲ, ಕೂಗುವ ಪ್ರಸಂಗವೇ ಬರಲಿಲ್ಲ.

ಕಣ್ಣನ್ನು ಗೆರೆಯ ಮೇಲೆ ನೆಟ್ಟು, ಊಟಕ್ಕೆ ಕೂತು ಉಪ್ಪು ಕೇಳುವ ದನಿಯಲ್ಲಿ ಮಾತಾಡಿದೆ. ಆ ಕಡೆಯಿಂದ ಮಾಸ್ತರರ ಧ್ವನಿ ಬಂತು.

“ಅರೇ, ಇದು ನೀನೇಯ ಭಾವಾ? ಸ್ಪಷ್ಟ ಇದ್ದು! ಯಲ್ಲಾಪುರಕ್ಕೊಂದು ಸಂದೇಶ ಇದ್ದು, ಬರ್ಕ, ನೀನೇ ಮುಟ್ಸು.”

“ಇಷ್ಟು ಮೆತ್ತಗೆ ಮಾತಾಡಲೆ ಬತ್ತ ನಿಂಗಕ್ಕೆ?” ಎಂದಳು ಅಲ್ಲೇ ನಿಂತಿದ್ದ ಹೆಂಡತಿ.

ನೀವೂ ಇಂಥದ್ದನ್ನು ಕೊಂಡರೆ ಬಸ್ಸಿನಲ್ಲಿ ತೊಡೆಯ ಮೇಲಿಟ್ಟು ತನ್ನಿ, ಒಳಗಿರುವುದು ಗಾಜಿನ ಟ್ಯೂಬು. ಆರಿಸಿದ ಮೇಲೂ ಒಳಗೆ ಕರೆಂಟು ಉಳಿದಿರುತ್ತದೆ. ಕುತೂಹಲಕ್ಕೆ ಮುಚ್ಚಳ ತೆಗೆಯಬೇಡಿ. ಇನ್ನು ಮೈಕಿನ ಗುಂಡಿ ಹೊಂದಿಸುವಾಗ ಒಬ್ಬರೇ ಕೂತು ಒಂದು, ಎರಡು ಎಣಿಸಿ ಪ್ರಯೋಜನವಿಲ್ಲ. ರೇಡಿಯೋದಲ್ಲಿ ಧ್ವನಿ ಸಣ್ಣಗೆ ಬರುವ ಗೆಳೆಯನೊಬ್ಬನನ್ನು ಹಿಡಿದು, ಹತ್ತು ನಿಮಿಷ ವಾದಕ್ಕಿಳಿಯಿರಿ. ನಿಮ್ಮ ದನಿ ಏರಿ ತುದಿ ಚಪ್ಪಟೆಯಾಗುವುದು ಆಗಲೇ. ಗುಂಡಿ ಇಳಿಸಬೇಕಾದದ್ದೂ ಆಗಲೇ.