ಯೂರೋ ಒಡೆಯುತ್ತದೆ ಎಂದವನು ನಾನೇ

ನನಗೆ ನಾಚಿಕೆಯಾಗುತ್ತದೆ ಎಂದು ಮೊದಲೇ ಹೇಳಿಬಿಡುತ್ತೇನೆ. ಸುತ್ತಿ ಬಳಸಿ ಹೇಳುವ ವಯಸ್ಸು ದಾಟಿದೆ. ರೋಣದ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದೆ. ದಿನಾ ನರಗುಂದದಿಂದ ಬಸ್ಸು. ಯಾವಗಲ್ ಬರುವಷ್ಟರಲ್ಲಿ ಪಕ್ಕದ ಸೀಟಿನವನಿಗೆ ಇಡೀ ಜಗತ್ತಿನ ಹಣಕಾಸು ತಿಳಿಸಿ ಮುಗಿಸಿರುತ್ತಿದ್ದೆ. ಪಾಪ, ಅವನು ಕಿಟಕಿಯಾಚೆ ಕಡಲೆ ಹೊಲ ನೋಡುತ್ತ ಹೂಂಗುಡುತ್ತಿದ್ದ. ಯಾರಾದರೂ ಎದುರು ಮಾತಾಡಿದರೆ ಮಾತ್ರ ನನಗೆ ತಡೆದುಕೊಳ್ಳಲಾಗುತ್ತಿರಲಿಲ್ಲ.

ಗ್ರೀಸ್ ದೇಶದಲ್ಲಿ ಬ್ಯಾಂಕು ಮುಚ್ಚಿ ಜನ ಬೀದಿಯಲ್ಲಿ ಸಾಲುಗಟ್ಟಿ ನಿಂತ ವರ್ಷ ಅದು. ಸ್ಟಾಫ್ ರೂಮಿನಲ್ಲಿ ಮಿರ್ಚಿ ತಿನ್ನುತ್ತ ಎಲ್ಲರ ಮುಂದೆ ಸಾರಿಬಿಟ್ಟೆ: "ಯೂರೋ ಎರಡ ವರ್ಷದಾಗ ಒಡದ ಹೋಗತೈತಿ, ಬರದ ಇಟ್ಕೋರ್ರಿ." ಯುರೋಪಿನ ಅಷ್ಟೊಂದು ದೇಶಗಳಿಗೆ ಒಂದೇ ನಾಣ್ಯ, ಆದರೆ ಎಲ್ಲರಿಗೂ ಸೇರಿ ಒಂದು ಸರ್ಕಾರವಿಲ್ಲ. ತೆರಿಗೆ ಬೇರೆ, ಖರ್ಚು ಬೇರೆ. ಒಬ್ಬ ಮುಳುಗಿದರೆ ಇನ್ನೊಬ್ಬ ಯಾಕೆ ಕೈ ಹಿಡಿಯಬೇಕು? ಮೊದಲು ರಾಜಕೀಯವಾಗಿ ಒಂದಾಗಬೇಕು, ಆಮೇಲೆ ನಾಣ್ಯ. ಇವರು ಉಲ್ಟಾ ಮಾಡಿದ್ದಾರೆ. ಇದು ನನ್ನ ವಾದ. ಇಂಥ ವಾದ ಮಾಡುವುದು ತಪ್ಪಲ್ಲ, ಈಗಲೂ ಅನ್ನುತ್ತೇನೆ.

ಆ ವರ್ಷದ ಚರ್ಚಾಸ್ಪರ್ಧೆಗೆ ವಿಷಯ ಕೊಟ್ಟವನೂ ನಾನೇ: ಯೂರೋಗೆ ಭವಿಷ್ಯವಿಲ್ಲ. ಗೆದ್ದ ಒಬ್ಬರಿಗೆ ಧಾರವಾಡದ ಸ್ಪರ್ಧೆಗೆ ಹೋಗುವ ಅವಕಾಶ. ಪದವಿಯ ಕೊನೆಯ ವರ್ಷದ ಒಬ್ಬ ಹುಡುಗಿ ವಿಷಯದ ವಿರುದ್ಧ ಮಾತಾಡುತ್ತೇನೆಂದು ಹೆಸರು ಕೊಟ್ಟಳು. ರೋಣದ ಪೇಟೆಯಲ್ಲಿ ಹಗ್ಗ, ಬುಟ್ಟಿ, ಸಾಣಿಗೆ ಮಾರುವ ಮುಸ್ಲಿಂ ಮನೆತನದ ಮಗಳು. ಹಿಂದಿನ ದಿನ ಅವಳ ಅಪ್ಪ ಕಾಲೇಜಿಗೆ ಬಂದಿದ್ದರು. "ಸರ್, ಇಕಿ ಎಂ.ಎ. ಓದತೀನಿ ಅಂತಾಳ. ನಮಗ ಇಕಿ ಹ್ಯಾಂಗ ಓದತಾಳ ಅಂತ ಏನ್ ತಿಳೀತೈತ್ರಿ? ನಾಳೆ ಇಕೀನ ಆರಿಸಿದ್ರ ಮುಂದ ಓದಸತೀನಿ ಅಂತ ಮಾತ ಕೊಟ್ಟೀನಿ" ಎಂದರು. ವಶೀಲಿ ಹಚ್ಚಲಿಲ್ಲ, ಇಷ್ಟು ಹೇಳಿ ಕೈಮುಗಿದು ಹೋದರು.

ಹುಡುಗಿ ಪುಸ್ತಕದ ಭಾಷೆಯಲ್ಲಿ ಶುರು ಮಾಡಿ, ಎರಡು ನಿಮಿಷಕ್ಕೆ ಮನೆಯ ಮಾತಿಗೆ ಇಳಿದಳು.

"ನಮ್ಮ ಮನ್ಯಾಗ ನಮ್ಮಪ್ಪ, ಇಬ್ಬರು ಕಾಕಾಗೋಳು, ಮೂರು ಸಂಸಾರ. ಒಲಿ ಮೂರು, ಅಂಗಡಿ ಗಲ್ಲಾ ಒಂದ. ರಂಜಾನ ಹಬ್ಬಕ್ಕ ಮೂರು ಒಲಿ ಮ್ಯಾಲ ಮೂರು ರುಚಿ ಸುರಕುಂಬಾ ಪಾಯಸ. ಸಣ್ಣ ಕಾಕಾ ಕಾಲ ಮುರಕೊಂಡಾಗ ಖರ್ಚ ಯಾರದು ಅಂತ ಮೂರ ದಿನ ಜಗಳ ಆತು, ಒಬ್ಬರ ಮಾರಿ ಒಬ್ರು ನೋಡಲಿಲ್ಲ. ಕಡೀಕ ಗಲ್ಲಾದಿಂದನ ಕೊಟ್ರು. ಯಾಕಂದ್ರ ಬ್ಯಾರೆ ಆದ್ರ ಪ್ಯಾಟ್ಯಾಗ ಒಬ್ಬೊಬ್ಬರನ್ನ ಯಾರ ನಂಬತಾರ? ಅವತ್ತಿಂದ ದವಾಖಾನಿ ಖರ್ಚು ಎಲ್ಲಾರದೂ ಅಂತ ಒಂದ ಕಟ್ಟಳಿ ಆತು. ಯುರೋಪದವ್ರಿಗೆ ಒಂದ ಸರ್ಕಾರ ಇಲ್ಲ, ಖರೇ. ಆದ್ರ ಜಗಳಾಡಿಕೋತನ ಒಂದೊಂದ ಕಟ್ಟಳಿ ಮಾಡಿಕೋತ ಹೋಗತಾರ. ಒಡ್ಯೂದಿಲ್ಲ."

ನಾನು ನಿರ್ಣಾಯಕರ ಮೇಜಿನಲ್ಲಿ ಕೂತಿದ್ದೆ. ಎದುರಿಗೆ ಸ್ಟಾಫ್ ರೂಮಿನ ಮಂದಿ ಸಾಲಾಗಿ ಕೂತು ನನ್ನ ಮುಖವನ್ನೇ ನೋಡಿ ಮುಸಿಮುಸಿ ನಗುತ್ತಿದ್ದರು. ಮೈಯೆಲ್ಲ ಉರಿಯಿತು. "ಯವ್ವಾ, ಯುರೋಪ್ ಅಂದ್ರ ನಿಮ್ಮನಿ ಅಡಗಿಮನಿ ಅಲ್ಲ" ಎಂದೆ. ಸಭೆ ಗೊಳ್ಳೆಂದಿತು. ಎಲ್ಲರಿಗಿಂತ ಮೊದಲು ನಕ್ಕವನು ನಾನು.

ನಿರ್ಣಾಯಕರು ಇಬ್ಬರೇ, ಕನ್ನಡದ ಮೇಡಂ ಮತ್ತು ನಾನು. ಮೇಡಂ ಮಾತುಗಾರಿಕೆಗೆ ಹತ್ತಕ್ಕೆ ಒಂಬತ್ತು ಕೊಟ್ಟರು. ವಿಷಯಜ್ಞಾನದ ಅಂಕ ನನ್ನ ಕೈಯಲ್ಲಿತ್ತು. ಅವಳು ಮಾತಾಡುತ್ತಿದ್ದಾಗಲೇ ಎಂಟು ಎಂದು ಬರೆದಿದ್ದೆ. ಅದನ್ನು ಹೊಡೆದುಹಾಕಿ ಮೂರು ಮಾಡಿದೆ. ನನ್ನ ನೋಟ್ಸನ್ನೇ ಗಿಳಿಪಾಠ ಒಪ್ಪಿಸಿದ ಒಬ್ಬ ಧಾರವಾಡಕ್ಕೆ ಆಯ್ಕೆಯಾದ.

ಎಲ್ಲ ಮುಗಿದ ಮೇಲೆ ಹುಡುಗಿ ಬಂದು, "ನಾ ಎಲ್ಲಿ ತಪ್ಪಿದೆ, ಸರ್?" ಎಂದಳು. ಕೇಳಬಾರದ್ದೇನೂ ಕೇಳಿರಲಿಲ್ಲ. "ವಿಷಯನ ತಿಳದಿಲ್ಲ ನಿನಗ. ಇದು ನಿನ್ನ ತೆಲಿಗೆ ಹತ್ತೂದಲ್ಲ ಬಿಡು" ಎಂದೆ. ನನ್ನ ಬಾಯಲ್ಲಿ ಮಣ್ಣು ಬೀಳಲಿ.

ಎರಡು ವರ್ಷ ಹೋಯಿತು, ಐದು ಹೋಯಿತು. ಯೂರೋ ಒಡೆಯಲಿಲ್ಲ. ಗ್ರೀಸ್ ಹೊರಗೆ ಬೀಳಲಿಲ್ಲ. ಕೊರೋನಾ ಬಂದಾಗ ಆ ದೇಶಗಳು ವಾರಗಟ್ಟಲೆ ಕಿತ್ತಾಡಿ, ಕೊನೆಗೆ ಎಲ್ಲರ ಹೆಸರಲ್ಲಿ ಒಟ್ಟಿಗೆ ಸಾಲ ಎತ್ತಲು ಒಪ್ಪಿಕೊಂಡವು. ಪತ್ರಿಕೆಯಲ್ಲಿ ಅದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಆಮೇಲೆ ಯೂರೋಗೆ ಕ್ರೊಯೇಶಿಯಾ ಸೇರಿತು, ಮೊನ್ನೆ ಬಲ್ಗೇರಿಯಾ. ಮುಂದೆ ಅವರೆಲ್ಲ ಒಂದೇ ಸರ್ಕಾರ ಮಾಡಿಕೊಳ್ಳುತ್ತಾರೋ, ಮುರಿದುಕೊಂಡು ಹೋಗುತ್ತಾರೋ, ನನಗೆ ಗೊತ್ತಿಲ್ಲ. ಭವಿಷ್ಯ ಹೇಳುವ ಚಟ ಬಿಟ್ಟಿದ್ದೇನೆ. ಆದರೆ ಬಲ್ಗೇರಿಯಾದ ಸುದ್ದಿ ಓದಿದ ಮೇಲೆ ಮನೆಯಲ್ಲಿ ಸುಮ್ಮನೆ ಕೂರಲಾಗಲಿಲ್ಲ. ರೋಣಕ್ಕೆ ಹೋಗಿ ಹಗ್ಗದ ಅಂಗಡಿಯಲ್ಲಿ ವಿಚಾರಿಸಿದೆ. ಅವಳನ್ನು ಗಜೇಂದ್ರಗಡಕ್ಕೆ ಮದುವೆ ಮಾಡಿ ಕೊಟ್ಟಿದ್ದಾರೆಂದು ಅವಳ ಕಾಕಾ ವಿಳಾಸ ಹೇಳಿದರು. ಅಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ಅವರ ಮುಂದೆ ತಪ್ಪೊಪ್ಪಿಕೊಳ್ಳುವ ದಾರಿ ಅಲ್ಲಿಗೆ ಮುಚ್ಚಿತು.

ಗಜೇಂದ್ರಗಡದ ಮನೆಯ ಬಾಗಿಲಲ್ಲಿ ಅವಳು ಕೂತು ಸೀರೆಯ ಸೆರಗಿಗೆ ಕುಚ್ಚು ಕಟ್ಟುತ್ತಿದ್ದಳು. ನೋಡಿದ್ದೇ ಗುರುತು ಹಿಡಿದಳು. "ಅಯ್ಯ, ಸರ್! ಬರ್ರಿ ಬರ್ರಿ, ಒಳಗ ಬರ್ರಿ." ಚಹಾ ಕೊಟ್ಟಳು. ಲೋಟ ಕೈಯಲ್ಲಿ ಹಿಡಿದೇ ಹೇಳಿದೆ. "ಅವತ್ತ ನೀ ಹೇಳಿದ್ದ ಖರೇ ಇತ್ತವ್ವಾ. ನನಗ ಉತ್ತರ ಬರಲಿಲ್ಲ, ಅದಕ್ಕ ಬೇಕಂತನ ನಿನ್ನ ಅಂಕ ಇಳಿಸಿದೆ. ನಿನ್ನ ಓದು ನಾ ಕೆಡಿಸಿದೆ."

ಅವಳು ನಕ್ಕಳು. ಸಿಟ್ಟಿಲ್ಲದ ನಗು. "ನೀವೇನ್ ಕೆಡಸಲಿಲ್ಲ ಬಿಡ್ರಿ. ಸೋತು ಬಂದ್ರೂ ನಮ್ಮಪ್ಪ, ಹೋಗಲಿ, ಎಂ.ಎ. ಓದು ಅಂದ್ರು. ನಾನ ಒಲ್ಲೆ ಅಂದೆ. ಸರ್ ಹೇಳ್ಯಾರ, ನನ್ನ ತೆಲಿಗೆ ಹತ್ತೂದಲ್ಲ ಅಂತ ಹೇಳಿದೆ. ಭಾಳ ಅತ್ತರು, ಪಾಪ."

ಲೋಟ ಕೆಳಗಿಟ್ಟೆ. "ಆಣಿ ಮಾಡಿ ಹೇಳತೀನವ್ವಾ, ನಿಂದ ಖರೇ ಇತ್ತು. ಎಂಟು ಬರದಿದ್ದೆ, ಹೊಡದ ಮೂರ ಮಾಡಿದೆ" ಎಂದೆ.

ಅವಳಿಗೆ ನನ್ನ ಮೇಲೆ ಮರುಕ ಬಂದಂತಿತ್ತು. "ನನ್ನ ಸಮಾಧಾನಕ್ಕ ಇಷ್ಟ ದೂರ ಬಂದು ನಿಮ್ಮ ಮ್ಯಾಲ ಹಾಕ್ಕೋತೀರೇನ್ರಿ?" ಎಂದು ಲೋಟವನ್ನು ಮತ್ತೆ ನನ್ನ ಕೈಗಿತ್ತಳು. "ಸುಮ್ನಿರ್ರಿ, ಸರ್. ನೀವು ಅಂಥಾ ಮನಷ್ಯಾರಲ್ಲ."