ಪಟ್ಟಿಯಲ್ಲಿ ಇಲ್ಲದ ಅಮಾವಾಸ್ಯೆ

೨೦೨೩ನೆಯ ಇಸವಿ, ನನಗಾಗ ನಲವತ್ತೊಂಬತ್ತು ವರ್ಷ. ಲಿಂಗಸುಗೂರಿನ ಪ್ರೌಢಶಾಲೆಯೊಂದರಲ್ಲಿ ಇಪ್ಪತ್ತೆರಡು ವರ್ಷ ಕನ್ನಡ ಕಲಿಸಿ, ಸ್ವಇಚ್ಛೆಯಿಂದ ಕೆಲಸ ಬಿಟ್ಟು, ಸಿಂಧನೂರಿನ ಮನೆಯಲ್ಲಿದ್ದೆ. ಆ ಸೆಪ್ಟೆಂಬರಿನಲ್ಲಿ ಸಿಂಧನೂರು, ಲಿಂಗಸುಗೂರು, ಮಸ್ಕಿ ಈ ಮೂರೂ ಊರುಗಳ ಔಷಧ ಅಂಗಡಿಯವರು ನನಗೊಂದು ಕೆಲಸ ಒಪ್ಪಿಸಿದರು. ರಜೆಯ ದಿನ ಪ್ರತಿ ಊರಿನಲ್ಲಿ ಒಂದಾದರೂ ಅಂಗಡಿ ತೆರೆದಿರಬೇಕು. ಅದಕ್ಕೊಂದು ಪಾಳಿಪಟ್ಟಿ ಬೇಕು. ಅಂಗಡಿಯವರೇ ಬರೆದರೆ ಒಬ್ಬರ ಮೇಲೊಬ್ಬರಿಗೆ ಗುಮಾನಿ. ಅಂಗಡಿಯಿಲ್ಲದವನು, ಅದರಲ್ಲೂ ಶಾಲೆಯ ವೇಳಾಪಟ್ಟಿ ಬರೆದು ಪಳಗಿದವನು, ಆಗಬಹುದೆಂದು ನನ್ನನ್ನು ಹಿಡಿದರು.

ನಾನು ಹಿಗ್ಗಿದೆ. ವೇಳಾಪಟ್ಟಿಯ ಸುಖ ಅದನ್ನು ಬರೆದವನಿಗೇ ಗೊತ್ತು: ಪಟ್ಟಿಯ ಒಂದು ಚೌಕದಲ್ಲಿ ಹೆಸರು ತುಂಬಿದರೆ ಇನ್ನೊಂದು ಚೌಕ ತಾನಾಗಿ ತೆರೆಯುತ್ತದೆ. ಎರಡು ವಾರ ಬಸ್ಸಿನಲ್ಲಿ ಓಡಾಡಿದೆ. ತುರ್ವಿಹಾಳದ ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆ, ಗೊರೇಬಾಳದವರು ಗದ್ದೆಯ ಕೆಲಸ ಬಿಟ್ಟು ಯಾವಾಗ ಬೈಕು ಹತ್ತುತ್ತಾರೆ, ಸಂತೆಕಲ್ಲೂರಿನ ಟಂಟಂ ಮಸ್ಕಿಯಲ್ಲಿ ಎಲ್ಲಿ ಜನರನ್ನು ಇಳಿಸುತ್ತದೆ, ಎಲ್ಲವನ್ನೂ ಬರೆದುಕೊಂಡೆ. ಅಕ್ಟೋಬರಿನ ಮೊದಲ ಭಾನುವಾರ ಪಟ್ಟಿ ಜಾರಿಗೆ ಬಂತು. ಅಂದು ಬೆಳಿಗ್ಗೆಯಿಂದ ಸಂಜೆಯವರೆಗೆ ಮೂರೂ ಊರು ಸುತ್ತಿದೆ. ಮೂರರಲ್ಲೂ, ನಾನು ಬರೆದ ಅಂಗಡಿಯೇ, ನಾನು ಬರೆದ ಹೊತ್ತಿಗೇ ತೆರೆದಿತ್ತು. ಮರಳಿ ಬರುವಾಗ ಬಸ್ಸಿನಲ್ಲಿ ಸೀಟು ಸಿಕ್ಕರೂ ಕುಳಿತುಕೊಳ್ಳಲು ಮನಸ್ಸಾಗಲಿಲ್ಲ.

ಎರಡು ವಾರ ಕಳೆದಿರಲಿಲ್ಲ, ಅಕ್ಕ ಫೋನ್ ಮಾಡಿದಳು. ಅವಳಿರುವುದು ಸಂತೆಕಲ್ಲೂರಿನಲ್ಲಿ. ಅವಳ ಮಗಳಿಗೆ ಚಿಕ್ಕಂದಿನಿಂದ ಫಿಟ್ಸ್. ಬೆಳಿಗ್ಗೆ ಒಂದು, ಸಂಜೆ ಒಂದು ಗುಳಿಗೆ ತಪ್ಪುವಂತಿಲ್ಲ. ಒಮ್ಮೆ ಎರಡು ಹೊತ್ತು ತಪ್ಪಿ, ಹುಡುಗಿ ಒಲೆಯ ಮುಂದೆಯೇ ಬಿದ್ದು ಕೈ ಸುಟ್ಟುಕೊಂಡಿದ್ದಳು. ಅಂದಿನಿಂದ ತಿಂಗಳ ಗುಳಿಗೆ ಒಂದೇ ಸಲ ತರುವುದು ಅಕ್ಕನ ರೂಢಿ.

"ತಮ್ಮಾ, ಮಸ್ಕ್ಯಾಗ ನಿಂತೀನಿ. ನಿನ್ನ ಪಟ್ಟಿ ಬಸ್ ಸ್ಟ್ಯಾಂಡಿನ ಗ್ವಾಡಿಗೆ ಚಂದ ಅಂಟಿಸ್ಯಾರ. ಇದರಾಗ ಅಮಾಸಿ ಎಲ್ಲೈತಿ?"

"ಅಮಾವಾಸ್ಯೆ ಯಾಕಬೇ ಅಕ್ಕ? ಭಾನುವಾರ ನೋಡು."

"ಇವತ್ತು ಶನಿವಾರ. ಮಹಾಲಯ ಅಮಾಸಿ. ಎಲ್ಲಾ ಅಂಗಡಿ ಶಟರ್ ಎಳದಾವ. ಇಕಿದು ಇನ್ನ ಒಂದಽ ಗುಳಿಗಿ ಉಳದೈತಿ. ಇಷ್ಟ ಸಾಲಿ ಕಲಿಸಿದಿ, ಪಂಚಾಂಗ ನೋಡಾಕ ಬರಲಿಲ್ಲೇನು?"

ಸಿಂಧನೂರಿನಲ್ಲಿ ದೊಡ್ಡ ದವಾಖಾನೆಯ ಎದುರು ಅಂದು ಹೇಗೋ ತೆರೆದಿದ್ದ ಒಂದೇ ಅಂಗಡಿಯಲ್ಲಿ ಆ ಗುಳಿಗೆ ಕೊಂಡು, ಸಂಜೆಯ ಬಸ್ಸಿಗೆ ಮಸ್ಕಿಗೆ ಹೋಗಿ ಅವಳ ಕೈಗಿಟ್ಟೆ. ಅನಾಹುತವಾಗಲಿಲ್ಲ. ಆದರೆ ತಪ್ಪು ಎಲ್ಲಿದೆಯೆಂಬುದು ದಾರಿಯಲ್ಲೇ ಹೊಳೆದಿತ್ತು. ನನ್ನದು ಶಾಲೆಯ ವಾರ, ಭಾನುವಾರವೇ ರಜೆ. ನಮ್ಮ ಹಳ್ಳಿಗಳಲ್ಲಿ ಭಾನುವಾರವೂ ಕೆಲಸ ನಡೆಯುತ್ತದೆ. ಅಮಾವಾಸ್ಯೆಗೆ ಎತ್ತು ಹೂಡುವುದಿಲ್ಲ, ಕೂಲಿಗೆ ಯಾರೂ ಹೋಗುವುದಿಲ್ಲ. ಬಿಡುವಾದ ಜನ ಔಷಧಕ್ಕೆಂದು ಪಟ್ಟಣಕ್ಕೆ ಬರುವ ದಿನವೇ, ಅಂಗಡಿಯವರು ಪೂಜೆ ಮುಗಿಸಿ ಬಾಗಿಲು ಹಾಕುವ ದಿನ.

ಅಚ್ಚರಿಯೆಂದರೆ, ಅಂಗಡಿಯವರಿಗೂ ಅದು ಹೊಳೆದಿರಲಿಲ್ಲ. ಮರುವಾರ ಮಸ್ಕಿಯಲ್ಲಿ ಎಲ್ಲರಿಗಿಂತ ಹಿರಿಯ ಅಂಗಡಿಕಾರರ ಹತ್ತಿರ ಹೋದೆ. ಹಣೆಯ ತುಂಬ ವಿಭೂತಿ, ಮಾತಿನ ತುಂಬ ಚೇಷ್ಟೆ.

"ರಜಾ ದಿನ ಯಾವ್ಯಾವು ಅಂತ ಕೇಳಿದಾಗ ಇದನ್ನೇಕೆ ಹೇಳಲಿಲ್ಲ?" ಎಂದೆ.

"ಅದು ರಜಾ ಅಲ್ಲರೀ ಸರ," ಎಂದರು. "ಅದು ಅಮಾಸಿ."

ಪಕ್ಕದಲ್ಲಿ ಕುಳಿತಿದ್ದ, ಎದುರಿನ ಔಷಧ ಅಂಗಡಿಯವರು ನಕ್ಕರು. ಅವರದು ಬೌದ್ಧ ಕುಟುಂಬ. ಅಮಾವಾಸ್ಯೆಯ ಪೂಜೆ ಮನೆಯಲ್ಲಿಲ್ಲ, ಆದರೂ ಬಜಾರು ಮುಚ್ಚಿದರೆ ತಾವೂ ಮುಚ್ಚುವುದು ಅಭ್ಯಾಸವಾಗಿತ್ತು.

"ಹಂಗಾದ್ರ ಆತು," ಎಂದರು ಹಿರಿಯರು ಅವರತ್ತ ಕೈ ತೋರಿಸಿ. "ಅಮಾಸಿಗೆ ಇವರು ತೆರೀಲಿ. ಬುದ್ಧ ಹುಣ್ಣಿಮಿ ದಿನ ಇವರ ಗಿರಾಕಿ ನಾ ನೋಡ್ಕೋತೀನಿ."

"ಹುಣ್ಣಿಮಿಗೆ ನಿಮ್ಮ ಅಂಗಡಿ ಹೆಂಗೂ ತೆರದಿರ್ತೈತಿ, ಅಣ್ಣಾರ. ಅದರಾಗ ನಿಮ್ಮ ಉಪಕಾರ ಏನು ಬಂತು? ವರ್ಷಕ್ಕ ಹನ್ನೆರಡು ನನಗ, ನಿಮಗ ಒಂದು. ಲೆಕ್ಕಾ ಸರಳ ಐತಿ ಬಿಡ್ರಿ."

ಹಿರಿಯರೂ ನಕ್ಕುಬಿಟ್ಟರು. ಅಲ್ಲಿಯೇ ನಾನು ಹೊಸ ಹಾಳೆ ತೆಗೆದೆ. ಒಂದು ಅಮಾವಾಸ್ಯೆ ಹಿರಿಯರು, ಮುಂದಿನದು ಎದುರಂಗಡಿಯವರು. ಪೂಜೆ ಬೇಗ ಮುಗಿಸಿ ಹತ್ತಕ್ಕೆ ಶಟರ್ ಏಳಬೇಕು. ಪಾಳಿಯ ಅಂಗಡಿಯಲ್ಲಿ ಫಿಟ್ಸ್, ಸಕ್ಕರೆ ಕಾಯಿಲೆ, ಉಬ್ಬಸ ಇವುಗಳ ಔಷಧ ಇರಲೇಬೇಕು. ಇಲ್ಲದಿದ್ದರೆ ಹಿಂದಿನ ದಿನವೇ ಎದುರಂಗಡಿಯಿಂದ ತರಿಸಿಡಬೇಕು. ಬರೆಯುತ್ತ ಕೈ ಓಡುತ್ತಿತ್ತು.

ಹಿರಿಯರು ಓದಿದರು, ಸಹಿ ಮಾತ್ರ ಹಾಕಲಿಲ್ಲ. "ಮೂರು ಅಮಾಸಿ ನಡಸಿ ನೋಡೂಣು. ನಡದ್ರ ಸಹಿ. ಮಠಕ್ಕ ಹೋಗೋದು ತಪ್ಪಿಸಿ ಕುಂತೇನಂದ್ರ ಮನ್ಯಾಗ ನನ್ನ ಕೂಡ ಯಾರು ಮಾತಾಡ್ತಾರ?" ಸಿಂಧನೂರು, ಲಿಂಗಸುಗೂರಿನವರದೂ ಅದೇ ಮಾತು: ಮಸ್ಕಿಯವರು ಸಹಿ ಹಾಕಲಿ, ಆಮೇಲೆ ನಾವು.

ಮೊದಲನೆಯದು ದೀಪಾವಳಿಯ ಅಮಾವಾಸ್ಯೆ, ಹಿರಿಯರು ತೆರೆದರು. ಎರಡನೆಯದು ಎದುರಂಗಡಿಯವರದು, ಅದೂ ನಡೆಯಿತು. ಮೂರನೆಯದು ಮತ್ತೆ ಹಿರಿಯರದು, ಮತ್ತು ಅದು ಎಳ್ಳಮಾವಾಸ್ಯೆ. ನಮ್ಮ ಕಡೆ ಅಂದು ಮನೆಯಲ್ಲಿ ಯಾರೂ ಉಳಿಯುವುದಿಲ್ಲ. ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಗೆ ನೈವೇದ್ಯವಾಗಿ ಬೆಳೆಯ ನಡುವೆ ಚರಗ ಚೆಲ್ಲಿ, ಅಲ್ಲಿಯೇ ಉಣ್ಣುತ್ತಾರೆ. ಹಿರಿಯರಿಗೂ ಹೊಲವಿತ್ತು.

ಒಂಬತ್ತೂವರೆಗೇ ನಾನು ಮಸ್ಕಿಯಲ್ಲಿದ್ದೆ. ಅಕ್ಕ ಡಾಕ್ಟರ ಚೀಟಿ ಹಿಡಿದು, ಮಗಳನ್ನೂ ಕರೆದುಕೊಂಡು ಬಂದಳು. ಬೆಳಗಿನ ಗುಳಿಗೆಯೇ ಕಡೆಯದು. ಬಜಾರಿನಲ್ಲಿ ನರಪಿಳ್ಳೆಯಿಲ್ಲ. ಹತ್ತಾಯಿತು, ಶಟರ್ ಕೆಳಗೇ ಇತ್ತು. ಎದುರಂಗಡಿಯವರು ತಮ್ಮ ಬೀಗದ ಕೈ ಹಿಡಿದು ಬಂದು ನನ್ನ ಪಕ್ಕ ನಿಂತರು. ನಾ ತೆರೆಯಲೇ ಎಂದು ಕಣ್ಣಲ್ಲೇ ಕೇಳಿದರು. ಅವರು ತೆರೆದರೆ ಗುಳಿಗೆ ಸಿಗುತ್ತಿತ್ತು, ಪಟ್ಟಿ ಮುರಿಯುತ್ತಿತ್ತು. ಮುಂದಿನ ತಿಂಗಳು ಅಕ್ಕ ಯಾರ ಬಾಗಿಲು ಬಡಿಯಬೇಕು? "ಐದು ನಿಮಿಷ," ಎಂದೆ.

ನಾಲ್ಕನೆಯ ನಿಮಿಷಕ್ಕೆ ಬೈಕು ಬಂತು. ಹಿರಿಯರ ಪಂಚೆಯ ಅಂಚಿಗೆ ಜೋಳದ ಹೊಲದ ಇಬ್ಬನಿ, ಹ್ಯಾಂಡಲಿಗೆ ಬುತ್ತಿಯ ಗಂಟು.

"ಹೊತ್ತು ಹುಟ್ಟೂದಕ್ಕ ಚರಗ ಚೆಲ್ಲಿ ಬಂದೀನ್ರೀ. ಮನಿ ಮಂದಿ ಇನ್ನ ಹೊಲದ ಹಾದ್ಯಾಗ ಅದಾರ," ಎನ್ನುತ್ತ ಶಟರ್ ಎತ್ತಿದರು. ಅಕ್ಕನ ಚೀಟಿ ಎರಡು ಸಲ ಓದಿ, ತಿಂಗಳ ಗುಳಿಗೆ ಎಣಿಸಿ ಕೊಟ್ಟರು. ಹುಡುಗಿಯ ಕೈಗೆ ಸಜ್ಜೆ ರೊಟ್ಟಿಯೊಂದನ್ನೂ ಇಟ್ಟರು. ಶಟರ್ ಸದ್ದಿಗೆ ಅಕ್ಕನ ಹಿಂದೆ ಆಗಲೇ ಐದಾರು ಜನ ಬಂದು ನಿಂತಿದ್ದರು.

ನಾನು ಹಾಳೆ ಮುಂದಿಟ್ಟೆ. ಅವರು ಗಿರಾಕಿಗಳನ್ನು ಒಮ್ಮೆ ನೋಡಿ, ಪೆನ್ನು ಇಸಿದುಕೊಂಡು ಸಹಿ ಹಾಕಿ, ಕೆಳಗೆ ತಾರೀಖನ್ನೂ ಬರೆದರು: ೨೦೨೪ನೆಯ ಇಸವಿ, ಜನವರಿ ೧೧, ಗುರುವಾರ.